ಅರದಕ್ಕನ ಕೈಗೆ ಬಂದ ನಾಣ್ಯ

ಅವಳಿಗೆ ಕರುಳು ಎಂಬುದಿರಲಿಲ್ಲ. ಇದನ್ನು ನಯವಾಗಿ ಹೇಳುವ ದಾರಿಯೊಂದಿದ್ದಿದ್ದರೆ ಬಂಧುಗಳಲ್ಲಿ ಯಾರಾದರೂ ಇಷ್ಟರಲ್ಲಿ ಕಂಡುಕೊಂಡಿರುತ್ತಿದ್ದರು. ಕೃತಕ ಹಲ್ಲು ತಯಾರಿಸುವ ಕಾರ್ಖಾನೆಯಲ್ಲಿ ಅವಳು ಎರಕದ ಕೆಲಸ ಮಾಡುತ್ತಿದ್ದಳು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವುದು. ತಣಿದ ಮೇಲೆ, ಲೋಹ ಒಳಗಿಳಿದ ಜಾಗದಲ್ಲಿ ಉಳಿಯುವ ಬಾಲವನ್ನು ಕತ್ತರಿಸಿ, ಅರದಿಂದ ಉಜ್ಜಿ ನುಣುಪು ಮಾಡುವುದು. ಎಷ್ಟೋ ಜನರ ನಗು ಅವಳ ಕೈಯಲ್ಲಿ ತಯಾರಾಗಿತ್ತು. ತನಗೆಂದು ಒಂದನ್ನೂ ಉಳಿಸಿಕೊಂಡಿರಲಿಲ್ಲ. ಎಲ್ಲರೂ ಅವಳನ್ನು ಅರದಕ್ಕ ಎನ್ನುತ್ತಿದ್ದರು. ಕೈಯಲ್ಲಿದ್ದ ಅರಕ್ಕಾಗಿ ಅಲ್ಲ, ಬಾಯಲ್ಲಿದ್ದ ಅರಕ್ಕಾಗಿ.

ಅಪ್ಪ ಸಾಯುವ ಮುನ್ನ ಆಸ್ತಿ ಹಂಚಿದ್ದ. ಎರಡು ಅಂತಸ್ತಿನ ಮನೆ ಮಗಳಿಗೆ; ರೋಮನ್ ಚಕ್ರವರ್ತಿಯೊಬ್ಬನ ತಲೆಯಿದ್ದ ಬಂಗಾರದ ನಾಣ್ಯ ಮಗನಿಗೆ. “ಎರಡೂ ಸಮ” ಎಂದಿದ್ದ. ತಮ್ಮ ಆ ನಾಣ್ಯವನ್ನು ಡಬ್ಬಿಯಲ್ಲಿಟ್ಟು ದೂರದಿಂದ ತೋರಿಸುತ್ತಿದ್ದನೇ ಹೊರತು ಅಕ್ಕನ ಕೈಗೆ ಕೊಟ್ಟವನಲ್ಲ. “ನಿನ್ನ ಕಣ್ಣು ಬಿದ್ರೆ ತಾಮ್ರ ಆಗ್ಬಿಡುತ್ತೆ” ಎಂದು ನಗುತ್ತಿದ್ದ. ಅಕ್ಕ ನಗುತ್ತಿರಲಿಲ್ಲ. ಸಮ ಎಂಬ ಆ ಮಾತು ಅವಳಿಗೆ ಚಪ್ಪಲಿಯೊಳಗೆ ಸೇರಿದ ಕಲ್ಲಾಗಿತ್ತು. ನಡೆಯುವುದಕ್ಕೇನೂ ಅಡ್ಡಿಯಿಲ್ಲ, ಆದರೆ ಅದಿದೆ ಎಂಬುದು ಮರೆಯುವುದಿಲ್ಲ.

ಕೆಲಸ ಬಿಟ್ಟ ಮೇಲೆ ಅವಳು ರೋಮನ್ ನಾಣ್ಯ ಕೊಳ್ಳಲು ಶುರುಮಾಡಿದಳು. ಮಣ್ಣು ಹತ್ತಿದ, ಅಗ್ಗದ ಕಂಚಿನವು. ಮೊದಲನೆಯದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಹೊಳೆಸಿ ಅಂಗಡಿಗೆ ಒಯ್ದಾಗ ವ್ಯಾಪಾರಿ ಹಣೆ ಚಚ್ಚಿಕೊಂಡ.

“ಏನಮ್ಮಾ, ಇದೇನು ಪಾತ್ರೆನಾ? ಆ ಹಸಿರು ಪದರಕ್ಕೇ ಅಲ್ವಾ ಜನ ಬೆಲೆ ಕೊಡೋದು! ನಿಜವಾದ ನಾಣ್ಯಾನ ಅಂಚಲ್ಲಿ ಹಿಡೀಬೇಕು, ಉಜ್ಜಬಾರದು. ಸುಳ್ಳಿಂದಾದ್ರೆ ಗೋಲಿ ಆಡಿ, ಯಾರು ಕೇಳ್ತಾರೆ?”

ಬೈಸಿಕೊಂಡು ಕಲಿತಳು. ತಲೆಯ ಸುತ್ತ ಓಡುವ ಅಕ್ಷರಗಳಲ್ಲಿ ರಾಜನ ಹೆಸರು ಓದುವುದು, ಸವೆತ ನೋಡಿ ಬೆಲೆ ಇಳಿಸುವುದು. ಅಚ್ಚಿನಡಿ ಸುತ್ತಿಗೆಯ ಏಟು ತಿಂದ ನಿಜವಾದ ನಾಣ್ಯದ ಅಕ್ಷರಗಳು ಬಿಗಿಯಾಗಿ ಎದ್ದು ನಿಲ್ಲುತ್ತವೆ. ಎರಕದ ನಕಲಿನಲ್ಲಿ ಅವು ನೀರಲ್ಲಿ ನೆನೆದ ಸೋಪಿನ ಹಾಗೆ ಕರಗಿರುತ್ತವೆ. ಒಳ್ಳೆಯವನ್ನು ಹತ್ತಿಯ ಮೇಲೆ ಮಲಗಿಸುತ್ತಿದ್ದಳು. ಸುಳ್ಳಿನವನ್ನು ಗುಂಡಿಗಳ ಡಬ್ಬಿಗೆ ಎಸೆಯುತ್ತಿದ್ದಳು.

“ಮನೆ ನುಂಗಿದ್ದು ಸಾಲ್ಲಿಲ್ಲ, ಈಗ ನಮ್ಮ ನಾಣ್ಯದ ಮೇಲೆ ಕಣ್ಣು” ಎಂದಳು ತಮ್ಮನ ಹೆಂಡತಿ. ಅರದಕ್ಕ ಭೂತಗನ್ನಡಿ ಒರೆಸುತ್ತ ಕೂತಳು. ಆ ಒಂದು ನಾಣ್ಯವನ್ನು ಓದುವುದಕ್ಕೆಂದೇ ಇಷ್ಟೆಲ್ಲ ಕಲಿಯುತ್ತಿದ್ದೇನೆ ಎಂದು ಹೇಳಿದರೆ ನಂಬುವವರ್ಯಾರು?

ಕೊನೆಗೆ ನಾಣ್ಯ ತಾನಾಗಿ ಬಂತು. ತಮ್ಮನ ಬಾಡಿಗೆಮನೆಯ ಮಾಲೀಕ ಮನೆ ಬಿಡಲು ಹೇಳಿದ್ದ. ನಾಣ್ಯ ಮಾರಿ ಸ್ವಂತದ್ದೊಂದು ಸೂರು ಮಾಡಿಕೊಳ್ಳೋಣ ಎಂದು ಗಂಡಹೆಂಡತಿ ನಿರ್ಧರಿಸಿದ್ದರು.

“ಅಂಗಡಿಯವನು ಮೋಸ ಮಾಡ್ಬಾರ್ದು. ನೀನು ನೋಡಿ ಬೆಲೆ ಹೇಳು” ಎಂದು ತಮ್ಮ ಡಬ್ಬಿ ತೆರೆದ. “ವಾರಕ್ಕೊಂದ್ಸಲ ಬಟ್ಟೇಲಿ ಉಜ್ಜಿದೀನಿ. ಹೆಂಗೆ ಹೊಳೀತಿದೆ ನೋಡು.”

ಅಂಗೈಯ ಮೇಲೆ ತೂಕ ಸರಿಯಾಗಿ ಕೂತಿತು. ಬಂಗಾರವೇ. ಅಪ್ಪ ಸುಳ್ಳು ಹೇಳಿರಲಿಲ್ಲವೇನೋ ಎಂದು ಅವಳ ಉಸಿರು ಒಂದು ಕ್ಷಣ ಸಡಿಲವಾಯಿತು. ಭೂತಗನ್ನಡಿ ಹಿಡಿದಳು. ಅಕ್ಷರಗಳು ಮೆತ್ತಗಿದ್ದವು; ಇವನು ಉಜ್ಜಿದ್ದಕ್ಕಿರಬೇಕು ಎಂದುಕೊಂಡಳು. ಬಟ್ಟೆ ತಲುಪದ, ರಾಜನ ಕಿವಿಯ ಹಿಂದಿನ ಸಂದಿಯಲ್ಲಿ, ಹೊಯ್ದ ಲೋಹದೊಳಗೆ ಗಾಳಿ ಸಿಕ್ಕಿದರೆ ಏಳುವಂಥ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಆಮೇಲೆ ಅಂಚಿನ ಸುತ್ತ ಬೆರಳಾಡಿಸಿದಳು. ಒಂದು ಕಡೆ ಚಪ್ಪಟೆ. ಬಾಲ ಕತ್ತರಿಸಿ ಅರ ಹಾಕಿದ ಜಾಗ. ಅದನ್ನು ಗುರುತಿಸಲು ಅವಳಿಗೆ ಗಾಜು ಬೇಕಿರಲಿಲ್ಲ, ಕಣ್ಣೂ ಬೇಕಿರಲಿಲ್ಲ.

ಅಪ್ಪ ಮೋಸ ಹೋದನೋ, ಮೋಸ ಮಾಡಿದನೋ? ಅದನ್ನು ಹೇಳುವ ಗುರುತು ನಾಣ್ಯದ ಮೇಲೆ ಎಲ್ಲೂ ಇರಲಿಲ್ಲ.

“ಎರಕ ಇದು” ಎಂದಳು.

“ಅಂದ್ರೆ?”

“ನಾನು ಹಲ್ಲು ಮಾಡ್ತಿದ್ನಲ್ಲ, ಹಾಗೆ ಯಾರೋ ಮಾಡಿದಾರೆ. ರೋಮೂ ಇಲ್ಲ, ರಾಜನೂ ಇಲ್ಲ. ಬಂಗಾರದ ತೂಕಕ್ಕೆ ಬಂದಷ್ಟು ಬಂತು. ಒಂದು ತೆಳ್ಳನೆ ಬಳೆ ಆಗ್ಬಹುದು.”

“ನಾನು ಹೇಳ್ಲಿಲ್ವಾ, ಇವರ ಬಾಯಿಂದ ಒಳ್ಳೇದು ಬರುತ್ತಾ ಅಂತ?” ತಮ್ಮನ ಹೆಂಡತಿ ಎದ್ದು ನಿಂತಳು.

ತಮ್ಮನ ಮುಖ ಸುಟ್ಟಂತಾಗಿತ್ತು. “ಇದೊಂದಾದ್ರೂ ನನ್ನ ಹತ್ರ ಇರ್ಲಿ ಅಂತ ಅನ್ಸಲ್ವಾ ಅಕ್ಕ ನಿಂಗೆ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?”

“ಮೇಲಿನ ಮನೆ ನಿಂದು. ಬರ್ಕೊಡ್ತೀನಿ. ಈ ವಾರಾನೇ ಸಾಮಾನು ತಂದು ಹಾಕು” ಎಂದಳು ಅರದಕ್ಕ, ಕಸ ಹಾಕಿ ಹೋದವರನ್ನು ಗದರಿಸುವ ದನಿಯಲ್ಲಿ.

“ಓಹೋ. ಅಪ್ಪ ಮೋಸಗಾರ ಅಂತ ಒಪ್ಕೊಂಡ್ರೆ ನಂಗೊಂದು ಮನೆ, ಅಲ್ವಾ? ಬೇಡ. ಬೀದೀಲಿ ಬೇಕಾದ್ರೆ ಸಾಯ್ತೀನಿ.”

“ಸಾಯಿ. ಎರಕ ಎರಕಾನೇ.”

ಹೆಂಡತಿ ದಡದಡ ಮೆಟ್ಟಿಲಿಳಿದು ಹೋದಳು. ತಮ್ಮ ನಾಣ್ಯವನ್ನು ಎತ್ತಿಕೊಂಡ. ಅಭ್ಯಾಸಬಲದಿಂದ ಅವನ ಹೆಬ್ಬೆರಳು ರಾಜನ ಕೆನ್ನೆಯ ಮೇಲೆ ಹೋಗಿ ಮೆಲ್ಲಗೆ ಉಜ್ಜತೊಡಗಿತು. ಅರದಕ್ಕ ಆ ಹೆಬ್ಬೆರಳನ್ನು ನೋಡುತ್ತ ನಿಂತಳು.

“ಕೊಡಿಲ್ಲಿ” ಎಂದು ಕಿತ್ತುಕೊಂಡಳು. ಗುಂಡಿಗಳ ಡಬ್ಬಿ ಪಕ್ಕದಲ್ಲೇ ಇತ್ತು. ಅವಳು ಹತ್ತಿಯ ಸುರುಳಿಗೆ ಕೈ ಹಾಕಿದಳು. ಒಂದು ತುಂಡು ಹರಿದು ಅವನ ಡಬ್ಬಿಯೊಳಗೆ ಹಾಸಿ, ನಾಣ್ಯವನ್ನು ಎರಡು ಬೆರಳ ತುದಿಯಿಂದ ಅಂಚಿನಲ್ಲಷ್ಟೇ ಹಿಡಿದು, ಅದರ ಮೇಲೆ ಮಲಗಿಸಿದಳು.

“ಹೀಗೆ ಅಂಚಲ್ಲಿ ಹಿಡ್ಕೋಬೇಕು. ಇನ್ಮೇಲೆ ಉಜ್ಜಬೇಡ, ಹಾಳಾಗುತ್ತೆ.”

ತಮ್ಮ ಅವಳ ಮುಖವನ್ನೇ ನೋಡಿದ. “ಸುಳ್ಳಿಂದು ಅಂದ್ಯಲ್ಲ?”

“ಮೆಟ್ಟಿಲ ಹತ್ರ ದೀಪ ಇಲ್ಲ” ಎಂದಳು ಅರದಕ್ಕ. “ನೋಡ್ಕೊಂಡು ಇಳಿ.”