ಕೆನ್ನೆ ನೋಡಿ ಬಡಿದ ಡೋಲು

ಡ್ಯಾನ್ಯೂಬ್ ನದಿ ದಂಡೆಯ ಲೊಮ್ ಊರಿನಲ್ಲಿ, ನಮ್ಮ ರೋಮಾ ಜನರ ಕೇರಿಯಲ್ಲಿ ರುಮೆನ್ ಚಿಕ್ಕಪ್ಪನ ಡೋಲಿಲ್ಲದೆ ಮದುವೆಯಿಲ್ಲ. ಕೆಲವು ಮನೆತನಗಳಲ್ಲಿ ಇಳಿದು ಬರುವ ನರದ ಕಾಯಿಲೆ ಅವನಿಗೂ ಇತ್ತು. ಬಾಲ್ಯದಲ್ಲೇ ಪಾದಗಳು ಸೋತವು, ಆಮೇಲೆ ಬೆರಳುಗಳು. ಕೋಲನ್ನು ಅಂಗೈಗೆ ಬಟ್ಟೆಯಿಂದ ಬಿಗಿದುಕೊಂಡು ಬಾರಿಸುತ್ತಿದ್ದ. ಬರುಬರುತ್ತಾ ಮಾತು ಕೇಳಿಸಿದರೂ ಏನೆಂದು ತಿಳಿಯದಾಯಿತು.

ರಾಜಧಾನಿ ಸೋಫಿಯಾದ ವೈದ್ಯೆ ಪರೀಕ್ಷಿಸಿ, ಕಿವಿ ಚೆನ್ನಾಗಿಯೇ ಇದೆ, ಅಲ್ಲಿಂದ ಮಿದುಳಿಗೆ ಹೋಗುವ ನರದ ದಾರಿ ಹಾಳಾಗಿದೆ ಎಂದಳು. ಶಬ್ದ ಮುಟ್ಟುತ್ತದೆ, ಆದರೆ ಚದುರಿ ಮುಟ್ಟುತ್ತದೆ. ಕೂಗಿ ಪ್ರಯೋಜನವಿಲ್ಲ, ಮುಖ ಕಾಣುವಂತೆ ನಿಧಾನವಾಗಿ ಮಾತಾಡಬೇಕು. ಕೇರಿಯವರು ತಲೆಯಾಡಿಸಿದರು, ಮತ್ತೆ ಕೂಗಿಯೇ ಮಾತಾಡಿದರು.

ಚಿಕ್ಕಪ್ಪನ ಮಗಳು ನೆವೆನಾಳ ಮದುವೆ ಬೊಯ್ಕೊನ ಮಗನೊಂದಿಗೆ ನಿಶ್ಚಯವಾಯಿತು. ಬೊಯ್ಕೊ ನಮ್ಮ ವಾದ್ಯದವರ ಯಜಮಾನ, ತುತ್ತೂರಿ ಊದುವವನು. ಹಿಂದಿನ ಮದುವೆಯ ಮೆರವಣಿಗೆಯಲ್ಲಿ ಚಿಕ್ಕಪ್ಪನ ತಾಳ ತಪ್ಪಿ, ಕುಣಿಯುವವರು ಒಬ್ಬರ ಕಾಲು ಒಬ್ಬರು ತುಳಿದಿದ್ದರು.

"ಬೀಗ್ರೇ, ಮಗಳ ಮದುವೇಲಿ ಆರಾಮಾಗಿ ರಕಿಯಾ ಕುಡ್ಕೊಂಡು ಕೂತ್ಕೊಳಿ. ಡೋಲಿಗೆ ವಿದಿನ್‌ನಿಂದ ಒಬ್ಬನ್ನ ಕರೆಸ್ತೀನಿ" ಎಂದ ಬೊಯ್ಕೊ.

"ಆ ಮೀಸೆ ಪೊದೇಲಿ ತುಟಿ ಎಲ್ಲಿದೆ ಅಂತ್ಲೇ ಕಾಣಲ್ಲ, ಏನಂದ್ರೋ ಏನೋ" ಎಂದು ಚಿಕ್ಕಪ್ಪ ನನ್ನತ್ತ ತಿರುಗಿದ. ನಾನು ನಿಧಾನವಾಗಿ ಹೇಳಿದೆ. ಅವನ ನಗು ಆರಿತು.

"ನನ್ ಮಗಳನ್ನ ನನ್ ಡೋಲೇ ಕಳಿಸ್ಕೊಡ್ಬೇಕು. ನೀವು ಊದೋಕೆ ಮುಂಚೆ ಕೆನ್ನೆ ಉಬ್ಬುತ್ತೆ, ನಂಗೆ ಅಷ್ಟು ಕಂಡ್ರೆ ಸಾಕು. ಬೆನ್ನ ಹಿಂದೆ ನಡೆಸಿ ತಾಳ ತಪ್ತು ಅಂದ್ರೆ?"

ಡೋಲಿನವನು ತುತ್ತೂರಿಯವರ ಹಿಂದೆ ನಡೆಯುವುದೇ ನಮ್ಮಲ್ಲಿ ರೂಢಿ.

"ಎದುರಿಗಿರ್ಬೇಕು ಅಂದ್ರೆ ಹಿಮ್ಮುಖ ನಡೀಬೇಕು. ನಿಮಗೆ ನೆಟ್ಟಗೆ ನಡೆಯೋದೇ ಕಷ್ಟ" ಎಂದೆವು.

"ಬೀಗ್ರ ಕುದುರೆ ಗಾಡಿ ಏನ್ ಮಾಡ್ತಿದೆ?" ಎಂದ ಚಿಕ್ಕಪ್ಪ.

ಮದುವೆಯ ದಿನ ಗಾಡಿ ಎಲ್ಲರಿಗಿಂತ ಮುಂದಿತ್ತು. ಚಿಕ್ಕಪ್ಪ ಡೋಲಿನೊಂದಿಗೆ ಅದರಲ್ಲಿ ಹಿಂದಕ್ಕೆ ಮುಖ ಮಾಡಿ ಕುಳಿತಿದ್ದ. ಹಿಂದೆ ತುತ್ತೂರಿಗಳು, ಅವುಗಳ ಹಿಂದೆ ಮದುಮಗಳು. ಕೆನ್ನೆ ಉಬ್ಬಿದೊಡನೆ ಕೋಲು ಏಳುತ್ತಿತ್ತು. ಇರಲಿ ಎಂದು ವಿದಿನ್‌ನವನನ್ನೂ ಕರೆಸಿದ್ದರು. ಎರಡನೇ ತಿರುವಿನಲ್ಲಿ ಅವನು ತನ್ನ ಡೋಲು ಕೆಳಗಿಟ್ಟು ಕುಣಿಯುವವರ ಜೊತೆ ಸೇರಿಕೊಂಡ.

ಮರುದಿನ ಬೊಯ್ಕೊ ಮೀಸೆ ಬೋಳಿಸಿಕೊಂಡು ಬಂದ. ಚಿಕ್ಕಪ್ಪನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಇನ್ಮೇಲೆ ಗಾಡಿ ನಿಮ್ದೇ. ತಿಳೀತಾ ಬೀಗ್ರೇ?"

"ತಿಳೀತು" ಎಂದ ಚಿಕ್ಕಪ್ಪ. "ಆದ್ರೆ ಮೀಸೆ ಇದ್ದಾಗ್ಲೇ ಚೆನ್ನಾಗಿದ್ರಿ."