ಕತ್ತಲಕ್ಕ ಮತ್ತು ಎಡಗೈಯ ಹೆಂಗಸು

ಕಲಾ ಇತಿಹಾಸ ಓದುವುದು ಬಲು ಸುಲಭ ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಅವರು ಒಂದೋ ಫೇಲಾದವರು, ಇಲ್ಲವೇ ಪ್ರೊಫೆಸರಾದವರು. ನಿಜ ಬೇಕಿದ್ದವರು ವಿಶ್ವವಿದ್ಯಾಲಯದ ಹಳೇ ಕಟ್ಟಡದ ಎರಡನೇ ಮಹಡಿ ಹತ್ತಿ, ಉಪನ್ಯಾಸದ ಕೋಣೆಯ ಹಿಂಬದಿಗೆ ಹೋಗಿ, ಕಪ್ಪು ಪರದೆ ಸರಿಸಿ ಕತ್ತಲಕ್ಕನನ್ನು ಕೇಳಬೇಕಿತ್ತು.

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಹಾಜರಿ ಪುಸ್ತಕದಲ್ಲಿ. ಆದರೆ ಇಪ್ಪತ್ತೆರಡು ವರ್ಷ ದೀಪ ಆರಿಸಿದ ಕೋಣೆಯಲ್ಲಿ ಕೂತು ಸ್ಲೈಡಿನ ಯಂತ್ರ ನಡೆಸಿದ ಹೆಂಗಸಿಗೆ ಹುಡುಗರು ಇನ್ನೇನು ಹೆಸರಿಡುತ್ತಾರೆ ಹೇಳಿ? ಸ್ಲೈಡು ಅಂದರೆ ಬೆಂಕಿಪೊಟ್ಟಣದಷ್ಟು ಚೌಕಟ್ಟಿನೊಳಗೆ ಕೂರಿಸಿದ ಫಿಲ್ಮಿನ ತುಂಡು. ಯಂತ್ರಕ್ಕೆ ಹಾಕಿದರೆ ಗೋಡೆಯ ಮೇಲೆ ಆಳೆತ್ತರದ ಚಿತ್ರ. ಅಂಥವು ಒಂಬತ್ತು ಸಾವಿರ, ಮರದ ಪೆಟ್ಟಿಗೆಗಳಲ್ಲಿ, ಎಲ್ಲವೂ ಆಕೆಯ ಕೈಕೆಳಗೆ. ಮುಂದೆ ಪ್ರೊಫೆಸರು ಕೋಲು ಹಿಡಿದು ಮಾತಾಡುತ್ತಿದ್ದರು, ಹಿಂದೆ ಈಕೆ ಚಿತ್ರ ಬದಲಿಸುತ್ತಿದ್ದಳು. ಹೀಗೆ ಕೂತು ಕೂತೇ ಒಂದೇ ಪಾಠವನ್ನು ಇಪ್ಪತ್ತೆರಡು ಸಲ ಕೇಳಿದ್ದಳು. ಪ್ರೊಫೆಸರು ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಜೋಕು ಮಾಡಿ ತಾವೇ ನಗುತ್ತಾರೆ ಅನ್ನುವುದೂ ಬಾಯಿಪಾಠ.

ಹೊಸದಾಗಿ ಸೇರಿದವರಿಗೆ ವಿಭಾಗದವರು ಹದಿನಾಲ್ಕು ಪುಟದ ಪುಸ್ತಕಪಟ್ಟಿ ಕೊಡುತ್ತಿದ್ದರು. ಅದನ್ನು ನೋಡಿ ಮುಖ ಬಾಡಿಸಿಕೊಂಡವರಿಗೆ ಕತ್ತಲಕ್ಕ ಬಾಯಲ್ಲೇ ದಾರಿ ತೋರಿಸುತ್ತಿದ್ದಳು.

"ಮೂರನೇ ಸಾಲಲ್ಲಿ ಕೂತ್ಕೋ ಮರಿ. ಮುಂದೆ ಕೂತ್ರೆ ಬರೀ ಬಣ್ಣ ಕಾಣುತ್ತೆ, ಚಿತ್ರ ಕಾಣಲ್ಲ. ಹಿಂದೆ ಕೂತ್ರೆ ನಿದ್ದೆ ಬರುತ್ತೆ, ನಿನ್ನ ಗೊರಕೆ ನಾನು ಕೇಳ್ಬೇಕಾಗುತ್ತೆ. ಪ್ರತಿ ಚಿತ್ರಕ್ಕೂ ನೋಟ್‌ಬುಕ್ಕಲ್ಲಿ ಒಂದು ಪುಟ್ಟ ಚೌಕ ಹಾಕಿ, ಯಾರು ಎಲ್ಲಿ ನಿಂತಿದ್ದಾರೆ ಅಂತ ಗೀಚ್ಕೋ. ಚೆನ್ನಾಗಿ ಬರಬೇಕಾಗಿಲ್ಲ. ಚೆನ್ನಾಗಿ ಬರೆಯೋ ಕೈ ಇದ್ದಿದ್ರೆ ನೀನು ಈ ವಿಭಾಗಕ್ಕೆ ಯಾಕೆ ಬರ್ತಿದ್ದೆ?"

ಇಸವಿ ನೆನಪಿರುವುದಿಲ್ಲ ಅಂತ ಅತ್ತವರಿಗೆ ಬೇರೆ ಮದ್ದು. ನೂರು ವರ್ಷಕ್ಕೆ ಒಂದೇ ಒಂದು ಚಿತ್ರವನ್ನು ಗಟ್ಟಿ ಮಾಡಿಕೊಂಡು, ಉಳಿದದ್ದನ್ನೆಲ್ಲ ಅದರ ಹಿಂದೆ ಮುಂದೆ ಜೋಡಿಸಿಕೋ ಅನ್ನುತ್ತಿದ್ದಳು. ಉತ್ತರದಲ್ಲಿ 'ಸುಂದರವಾಗಿದೆ' ಅಂತ ಬರೆದವರನ್ನು ಕಂಡರೆ ಮೈಯೆಲ್ಲಾ ಉರಿ. "ಸುಂದರವಾಗಿಲ್ದಿದ್ರೆ ಗೋಡೆಗೆ ಯಾಕಪ್ಪಾ ಹಾಕ್ತಿದ್ರು? ಯಾಕೆ ಸುಂದರ ಅಂತ ಬರಿ!" ವಸ್ತುಸಂಗ್ರಹಾಲಯಕ್ಕೆ ಹೋದರೆ ನೂರು ಚಿತ್ರಗಳ ಮುಂದೆ ಓಡಬೇಡಿ, ಒಂದರ ಮುಂದೆ ಅರ್ಧ ಗಂಟೆ ನಿಲ್ಲಿ ಅನ್ನುತ್ತಿದ್ದಳು. ಕಾಲು ನೋಯುತ್ತೆ ಅಕ್ಕಾ ಅಂದರೆ, ನೋಯಲಿ ಬಿಡಿ, ಯಾವುದಾದರೂ ಒಂದು ಅಂಗ ಕಷ್ಟಪಡಬೇಕಲ್ಲ ಅನ್ನುವಳು.

ಇಷ್ಟೆಲ್ಲ ಹೇಳಿ ಮುಗಿದ ಮೇಲೆ ಪರದೆ ಎಳೆದು, ದನಿ ತಗ್ಗಿಸಿ, ಎಲ್ಲಕ್ಕಿಂತ ಉಪಯೋಗದ ಮಾತು ಹೇಳುತ್ತಿದ್ದಳು. "ಪರೀಕ್ಷೆಗೆ ಬರೋವಾಗ ನಿನ್ನ ಕಣ್ಣು ಮನೇಲಿ ಬಿಟ್ಟು ಬಾ. ಪ್ರೊಫೆಸರ್ಗೆ ಏನು ಕಂಡಿದೆಯೋ ಅದೇ ನಿನಗೂ ಕಾಣ್ಬೇಕು. ಪಾಸಾದ್ಮೇಲೆ ಏನು ಬೇಕಾದ್ರೂ ನೋಡ್ಕೋ." ಈ ಮಾತು ಕೇಳಿದವರು ಯಾರೂ ಫೇಲಾದದ್ದಿಲ್ಲ. ವಿಭಾಗದ ಹೆಸರು ಉಳಿದದ್ದೇ ಹಾಗೆ.

ಇನ್ನು ಪ್ರೊಫೆಸರು. ಕೆಟ್ಟವರಲ್ಲ ಪಾಪ, ಒಂದೇ ಚಿತ್ರದ ಮೇಲೆ ಬದುಕು ಕಟ್ಟಿಕೊಂಡವರು, ಅಷ್ಟೇ. ಆ ಚಿತ್ರದಲ್ಲಿ ಒಬ್ಬ ಹೆಂಗಸು ಮೇಜಿನ ಮುಂದೆ ಕೂತು ಕಾಗದ ಬರೆಯುತ್ತಿದ್ದಾಳೆ, ಎಡಗೈಯಲ್ಲಿ. ಮೂಲ ಚಿತ್ರ ಯಾವುದೋ ದೊಡ್ಡ ಮನೆತನದವರ ಗೋಡೆಯಲ್ಲಿದೆ, ಅವರು ಹೊರಗಿನವರನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಹಿಂದೊಮ್ಮೆ ಒಬ್ಬ ಫೋಟೋಗ್ರಾಫರ್ ಹೇಗೋ ತೆಗೆದ ಒಂದೇ ಒಂದು ಸ್ಲೈಡು ವಿಭಾಗದ ಪೆಟ್ಟಿಗೆ ಸೇರಿತ್ತು. ಪ್ರೊಫೆಸರು ಆ ಚಿತ್ರವನ್ನು ನೋಡಿದ್ದೇನಿದ್ದರೂ ಕತ್ತಲಕ್ಕನ ಯಂತ್ರ ಬಿಟ್ಟ ಬೆಳಕಿನಲ್ಲಿ. ಅಷ್ಟರಿಂದಲೇ ಮುನ್ನೂರ ನಲವತ್ತು ಪುಟದ ಪುಸ್ತಕ ಬರೆದರು. ಎಡಗೈಯಲ್ಲಿ ಬರೆಯುವ ಮಕ್ಕಳ ಗೆಣ್ಣಿಗೆ ಬಾರಿಸುತ್ತಿದ್ದ ಕಾಲದಲ್ಲಿ ಚಿತ್ರಕಾರ ಈಕೆಯ ಎಡಗೈಗೆ ಲೇಖನಿ ಕೊಟ್ಟನಲ್ಲ, ಅದು ಇಡೀ ಸಮಾಜದ ಕೆನ್ನೆಗೆ ಕೊಟ್ಟ ಏಟು ಅಂತ ವಾದ. ಪುಸ್ತಕದ ಒಳಗೂ ಅದೇ ಸ್ಲೈಡಿನಿಂದ ಅಚ್ಚು ಹಾಕಿದ ಚಿತ್ರ. ಬಹುಮಾನ ಬಂತು, ಶಾಲು ಬಂತು. ಪ್ರತಿ ವರ್ಷ ಆ ಪಾಠದ ದಿನ ಮುಂದಿನ ಸಾಲಿನಲ್ಲಿ ಇಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ತೊಂದರೆ ಒಂದೇ. ಆ ಹೆಂಗಸು ಎಡಚಿ ಆಗಿರಲಿಲ್ಲ.

ಸ್ಲೈಡನ್ನು ಯಾವ ಬದಿಯಿಂದ ಹಿಡಿದು ಹಾಕಬೇಕು ಅಂತ ತಿಳಿಯಲು ಚೌಕಟ್ಟಿನ ಮೂಲೆಗೆ ಒಂದು ಕೆಂಪು ಚುಕ್ಕೆ ಅಂಟಿಸುತ್ತಾರೆ. ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಹಾಕಿದರೆ ಚಿತ್ರ ಸರಿಯಾಗಿ ಬೀಳುತ್ತದೆ. ಚುಕ್ಕೆಯನ್ನೇ ಬೆನ್ನಿನ ಬದಿಗೆ ಅಂಟಿಸಿಬಿಟ್ಟರೆ, ಕನ್ನಡಿಯಲ್ಲಿ ಕಂಡಂತೆ ಬಲ ಎಡವಾಗುತ್ತದೆ. ಕತ್ತಲಕ್ಕ ಕೆಲಸಕ್ಕೆ ಸೇರಿದ ಮೊದಲ ವಾರ ಆಕೆಯ ಮುಂದೆ ಮುನ್ನೂರು ಸ್ಲೈಡು, ಒಂದು ಹಾಳೆ ಚುಕ್ಕೆ ಇಟ್ಟು ಹೋಗಿದ್ದರು. ಇನ್ನೂರ ತೊಂಬತ್ತೊಂಬತ್ತು ಸರಿಯಾಗಿ ಅಂಟಿಸಿದ್ದಳು.

ಅದು ಗೊತ್ತಾದದ್ದು ಹನ್ನೊಂದು ವರ್ಷದ ಹಿಂದೆ. ಸ್ಲೈಡಿನ ದೂಳು ಒರೆಸುವಾಗ, ಬೆಳಕಿನ ಮೇಜಿನ ಮೇಲೆ ಭೂತಗನ್ನಡಿ ಇಟ್ಟು ನೋಡಿದರೆ, ಕುರ್ಚಿಯ ಕಾಲಿನ ಕತ್ತಲಲ್ಲಿ ಚಿತ್ರಕಾರನ ಸಹಿ ತಿರುಗುಮುರುಗು! ಗೋಡೆಯ ಮೇಲೆ ಆ ಮೂಲೆ ಬರೀ ಕಪ್ಪಾಗಿ ಕಾಣುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪುಸ್ತಕ ಆಗಲೇ ಮೂರನೇ ಮುದ್ರಣ ಕಂಡಿತ್ತು. ಹೇಳಿದರೆ ಕೆಲಸ ಹೋದೀತು ಅಂತ ಬಾಯಿಗೆ ಬೀಗ ಹಾಕಿಕೊಂಡಳು. ಮೊದಲ ವರ್ಷ ಹೆದರಿಕೆ, ಎರಡನೆಯ ವರ್ಷ ನಾಚಿಕೆ, ಆಮೇಲೆ ಅಭ್ಯಾಸ. ವರ್ಷಕ್ಕೆ ನಲವತ್ತು ಮಕ್ಕಳು ಎಡಗೈಯ ಮೇಲೆ ನಾಲ್ಕು ಪುಟ ಬರೆದು ಪಾಸಾಗುತ್ತಿದ್ದರು, ಬರೆಯಿರಿ ಅಂತ ಹೇಳಿಕೊಡುತ್ತಿದ್ದವಳೂ ಈಕೆಯೇ.

ಹೀಗಿರುವಾಗ ಆಕೆಗೇ ಡಿಗ್ರಿ ಮಾಡುವ ಆಸೆ ಹತ್ತಿತು. ನಲವತ್ತೈದನೇ ವಯಸ್ಸಿಗೆ ನೌಕರರ ಸೀಟಿನಲ್ಲಿ ಸೇರಿಕೊಂಡಳು. ಗಂಡ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕ.

"ಚಿತ್ರ ನೋಡೋಕೂ ಡಿಗ್ರಿನಾ? ಕಣ್ಣಿದ್ರೆ ಸಾಲದೇನೇ?"

"ನಿಮಗೆ ಕತ್ತರಿ ಇದ್ರೆ ಸಾಕಾಗಿತ್ತಾ? ಆರು ವರ್ಷ ನಿಮ್ಮ ಸೋದರಮಾವನ ಅಂಗಡೀಲಿ ಗುಂಡಿ ಕಾಜಾ ಹೊಲೀಲಿಲ್ವಾ?" ಅಂದಳು. ದರ್ಜಿ ಮತ್ತೆ ಆ ವಿಷಯ ಎತ್ತಲಿಲ್ಲ.

ವಿಭಾಗದ ಗುಮಾಸ್ತನದು ಇನ್ನೊಂದು ತಕರಾರು. ಪಾಠದ ಹೊತ್ತಲ್ಲಿ ಯಂತ್ರದ ಹಿಂದೆ ಇದ್ದರೆ ಕೆಲಸಕ್ಕೆ ಹಾಜರು, ತರಗತಿಗೆ ಗೈರು ಅಂತ ಬರೆದುಬಿಟ್ಟ. ಪಾಠ ಕೇಳುವುದು ಕಿವಿಯಲ್ಲಿ, ಯಂತ್ರ ತಿರುಗಿಸುವುದು ಕೈಯಲ್ಲಿ, ಎರಡೂ ಒಂದೇ ದೇಹದಲ್ಲಿರಬಹುದು ಅಂತ ಅವನಿಗೆ ಮನವರಿಕೆ ಮಾಡಲು ಮೂರು ಅರ್ಜಿ, ಒಂದು ಸಭೆ ಬೇಕಾಯಿತು.

ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಡಿಗ್ರಿ ಅನ್ನುವುದು ಬರೀ ಆಸೆಯಾಗಿ ಉಳಿಯಲಿಲ್ಲ. ಸ್ಲೈಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಎಲ್ಲ ವಿಶ್ವವಿದ್ಯಾಲಯಗಳಿಗೂ ಹಂಚಿ, ಯಂತ್ರವನ್ನು ಗುಜರಿಗೆ ಹಾಕುವುದು ಅಂತ ಆದೇಶ ಬಂತು. ಆ ಚಿತ್ರಸಂಗ್ರಹ ನೋಡಿಕೊಳ್ಳಲು ಒಂದು ಹುದ್ದೆ, ಡಿಗ್ರಿ ಇದ್ದವರಿಗೆ ಮಾತ್ರ. ಪಾಸಾದರೆ ಹುದ್ದೆ ಆಕೆಯದು. ಫೇಲಾದರೆ ಕೆಳಗಿನ ಕಚೇರಿಯಲ್ಲಿ ಲಕೋಟೆಗೆ ಗೋಂದು ಹಚ್ಚುವ ಕೆಲಸ, ನಿವೃತ್ತಿಯವರೆಗೆ. ಒಂಬತ್ತು ಸಾವಿರ ಚಿತ್ರ ಬಿಟ್ಟು ಗೋಂದಿನ ಡಬ್ಬಿ. ನೆನೆದರೇ ಆಕೆಗೆ ಅಳು ಬರುತ್ತಿತ್ತು.

ಬರೆಯುವ ಪರೀಕ್ಷೆಗಳೆಲ್ಲ ದಾಟಿದಳು. ಉಳಿದದ್ದು ಮೌಖಿಕ. ಐವತ್ತಕ್ಕೆ ಇಪ್ಪತ್ತು ಬಂದರೆ ಪಾಸು. ಗೋಡೆಯ ಮೇಲೆ ಒಂದು ಚಿತ್ರ ಹಾಕುತ್ತಾರೆ, ಅದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಪ್ರೊಫೆಸರ ಪಕ್ಕದಲ್ಲಿ ಇನ್ನೊಬ್ಬ ಪರೀಕ್ಷಕರು ಕೂತಿದ್ದರು, ಸಹಿ ಹಾಕಲೆಂದೇ ಹುಟ್ಟಿದವರು, ಸಹಿಯ ಹೊತ್ತಿಗೆ ಎಚ್ಚರಾಗುವವರು.

"ಬಾಮ್ಮಾ," ಅಂದರು ಪ್ರೊಫೆಸರು, ತುಂಬು ಪ್ರೀತಿಯಿಂದಲೇ. "ನಿನಗೆ ಕಷ್ಟದ್ದು ಕೇಳಲ್ಲ. ನಮ್ಮ ಎಡಗೈಯವಳನ್ನೇ ಹಾಕು. ನೀನೇ ಹಾಕ್ಬೇಕು, ಇನ್ಯಾರಿಗೆ ಆ ಯಂತ್ರ ಗೊತ್ತು!"

ಪ್ರಪಂಚದಲ್ಲಿ ತನ್ನ ಪ್ರಶ್ನೆಪತ್ರಿಕೆಯನ್ನು ತಾನೇ ಯಂತ್ರಕ್ಕೆ ತುರುಕಿದ ವಿದ್ಯಾರ್ಥಿನಿ ಇವಳೊಬ್ಬಳೇ ಇರಬೇಕು. ಪರದೆಯ ಹಿಂದೆ ಹೋದಳು. ಸ್ಲೈಡು ಕೈಗೆತ್ತಿಕೊಂಡಳು. ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟರೆ ಸಾಕು, ಉಳಿದದ್ದು ಬಾಯಿಪಾಠ, ನಲವತ್ತು ಅಂಕಕ್ಕೆ ಮೋಸವಿಲ್ಲ. ತಾನು ಹುಡುಗರಿಗೆ ಹೇಳಿಕೊಟ್ಟದ್ದೂ ಅದನ್ನೇ ತಾನೇ? ಆದರೆ ಮುಂದಿನ ತಿಂಗಳು ಇದು ಕಂಪ್ಯೂಟರಿಗೆ ಹೋಗುತ್ತದೆ, ಹೀಗೇ ಊರೂರಿಗೆ ಹಂಚಿಹೋಗುತ್ತದೆ. ತಾನು ಮಾಡಿದ ತಪ್ಪನ್ನೇ ಸರಿಯುತ್ತರ ಅಂತ ಒಪ್ಪಿಸಿ, ಅದಕ್ಕೆ ಅಂಕ ತಗೊಂಡು, ಅದೇ ತಪ್ಪನ್ನು ಕಾಯುವ ಹುದ್ದೆ ಏರಿ ಕೂರುವುದೇ? ಥೂ ಅನಿಸಿತು. ಬೆರಳು ತಾನಾಗಿ ಸ್ಲೈಡನ್ನು ಮಗುಚಿ ಹಾಕಿತು.

ಗೋಡೆಯ ಮೇಲೆ ಹೆಂಗಸು ಬಲಗೈಯಲ್ಲಿ ಬರೆಯುತ್ತಾ ಕೂತಳು.

"ಉಲ್ಟಾ ಬಿತ್ತು ನೋಡಮ್ಮಾ, ತಿರುಗಿಸು," ಅಂದರು ಪ್ರೊಫೆಸರು.

ಕತ್ತಲಕ್ಕ ಮುಂದೆ ಬಂದು ನಿಂತಳು. "ಇಲ್ಲ ಸರ್. ಈಗ ಸರಿಯಾಗಿದೆ. ಇಷ್ಟು ವರ್ಷ ಉಲ್ಟಾ ಇತ್ತು. ಚುಕ್ಕೆ ತಪ್ಪು ಬದಿಗೆ ಅಂಟಿಸಿದ್ದು ನಾನೇ. ಕುರ್ಚಿ ಕಾಲ್ಹತ್ರ ಸಹಿ ಇದೆ, ಭೂತಗನ್ನಡೀಲಿ ನೋಡಿ ಗೊತ್ತಾಗುತ್ತೆ."

ಸಹಿಯ ಪರೀಕ್ಷಕರಿಗೆ ಹೊತ್ತಿಗೆ ಮುಂಚೆಯೇ ಎಚ್ಚರವಾಯಿತು.

ಪ್ರೊಫೆಸರು ಹಲ್ಲು ಕಚ್ಚಿ ಕೇಳಿದರು. "ಸರಿ. ಎಡಗೈ ಇಲ್ಲ ಅಂದ್ಮೇಲೆ ಈ ಚಿತ್ರದಲ್ಲಿ ಇನ್ನೇನಮ್ಮಾ ಇದೆ?"

"ಹರಿದು ಹಾಕಿದ ಮೂರು ಕಾಗದ ಇವೆ ಸರ್, ಮೇಜಿನ ಕೆಳಗೆ. ಎಲ್ರೂ ಕೈ ನೋಡ್ತಾರೆ, ಅದನ್ನ ಯಾರೂ ನೋಡಲ್ಲ. ಇವಳು ಬರೀತಿರೋದು ನಾಲ್ಕನೇದು. ಬಂಡಾಯ ಗಿಂಡಾಯ ನನಗೆ ಕಾಣಿಸ್ಲಿಲ್ಲ. ಹೇಗೆ ಹೇಳ್ಬೇಕು ಅಂತ ಗೊತ್ತಾಗ್ದೆ ಒದ್ದಾಡ್ತಿರೋ ಹೆಂಗಸು ಕಾಣಿಸಿದ್ಲು. ಕುತ್ತಿಗೆ ನೋಡಿ, ಎಷ್ಟು ಬಿಗಿಯಾಗಿದೆ."

"ನೀನಿನ್ನು ಹೋಗಬಹುದು," ಅಂದರು ಪ್ರೊಫೆಸರು.

ಹನ್ನೆರಡು ದಿನಕ್ಕೆ ಫಲಿತಾಂಶ ಅಂಟಿಸಿದರು. ಮೌಖಿಕದಲ್ಲಿ ಐವತ್ತಕ್ಕೆ ಹನ್ನೆರಡು. ಅನುತ್ತೀರ್ಣ. ಕತ್ತಲಕ್ಕ ಹೇಳಿಕೊಟ್ಟ ಮಕ್ಕಳೆಲ್ಲ ಪಾಸು, ಆ ವರ್ಷ ಫೇಲಾದವಳು ಆಕೆ ಒಬ್ಬಳೇ. ಆಕೆ ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಬಂದು, ಪರದೆ ಎಳೆದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ಕೂತಳು, ಮುಂದೆ ಬರುವವರಿಗೆ ತೊಂದರೆಯಾಗಬಾರದಲ್ಲ.

ಮಧ್ಯಾಹ್ನ ಪರದೆ ಅಲುಗಾಡಿತು. ಪ್ರೊಫೆಸರು! ಇಪ್ಪತ್ತೆರಡು ವರ್ಷದಲ್ಲಿ ಆ ಪರದೆಯ ಈಚೆಗೆ ಕಾಲಿಟ್ಟವರಲ್ಲ. ಎಲ್ಲಿ ಕೂರಬೇಕು ಅಂತ ತಿಳಿಯದೆ ನಿಂತೇ ಇದ್ದರು.

"ಯಾವಾಗಿಂದ ಗೊತ್ತಿತ್ತು?"

"ಹನ್ನೊಂದು ವರ್ಷ ಆಯ್ತು ಸರ್."

"ನನಗೆ ಯಾಕಮ್ಮಾ ಹೇಳ್ಲಿಲ್ಲ? ಹನ್ನೊಂದು ವರ್ಷ!"

"ಹೇಳ್ಬೇಕಿತ್ತು. ಹೇಳ್ದೆ ಇದ್ದಿದ್ದು ನನ್ನ ತಪ್ಪೇ, ಹೆದರಿದೆ. ಆದ್ರೆ ಸರ್, ಇಷ್ಟು ವರ್ಷದಲ್ಲಿ ಈ ಕೋಣೆ ಕಡೆ ತಿರುಗಿ ನೀವು ಆಡಿದ್ದು ಎರಡೇ ಮಾತು. 'ಮುಂದಿನದು', 'ಸ್ವಲ್ಪ ಸ್ಪಷ್ಟ ಮಾಡು'. ಎರಡಕ್ಕೂ ಉತ್ತರ ಬೇಕಿರ್ಲಿಲ್ಲ."

ಪ್ರೊಫೆಸರು ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟರು. "ಆವತ್ತೇ ಸಿಟ್ಟಲ್ಲಿ ಹನ್ನೆರಡು ಹಾಕಿ ಕಳಿಸಿಬಿಟ್ಟೆ. ಪಕ್ಕದಲ್ಲಿದ್ದ ಪರೀಕ್ಷಕರೂ ಕಣ್ಣು ಮುಚ್ಚಿ ಸಹಿ ಹಾಕಿದ್ರು. ಇನ್ನು ತಿದ್ದೋಕಾಗಲ್ವಂತೆ, ಕೇಳ್ದೆ. ಬರೋ ವರ್ಷ ಮತ್ತೆ ಕೂತ್ಕೋಬೇಕು ನೀವು." ಮೊದಲ ಸಲ 'ನೀವು' ಅಂದರು, ಅಂದದ್ದು ಅವರಿಗೇ ಗೊತ್ತಾಗಲಿಲ್ಲ.

"ಹಾಗಾದ್ರೆ ಸೋಮವಾರದಿಂದ ನನಗೆ ಲಕೋಟೆ," ಅಂದಳು ಕತ್ತಲಕ್ಕ.

ಪ್ರೊಫೆಸರು ಜೇಬಿನಿಂದ ಪುಟ್ಟ ಪುಸ್ತಕ, ಪೆನ್ನು ತೆಗೆದರು. "ಇನ್ನೊಂದ್ಸಲ ಹೇಳಿ. ಆ ಚಿತ್ರದಲ್ಲಿ ನಿಮಗೆ ಏನೇನು ಕಾಣುತ್ತೆ? ನಾನು ಬರ್ಕೋತೀನಿ."

ಕತ್ತಲಕ್ಕ ಬೆಳಕಿನ ಮೇಜಿನ ದೀಪ ಹಚ್ಚಿದಳು. ಸ್ಲೈಡನ್ನು ಸರಿಯಾದ ಬದಿಗೆ ಇಟ್ಟಳು. ಪ್ರೊಫೆಸರ ಕೈಯಿಂದ ಪೆನ್ನು, ಪುಸ್ತಕ ಎರಡನ್ನೂ ಮೆಲ್ಲಗೆ ತೆಗೆದುಕೊಂಡು, ಆ ಕೈಗೆ ಭೂತಗನ್ನಡಿ ಕೊಟ್ಟಳು.

"ನಾನು ಆವತ್ತೇ ಹೇಳಿದೀನಿ ಸರ್, ಹನ್ನೆರಡು ಬಂತು," ಅಂದಳು. "ಈಗ ನೀವು ಹೇಳಿ. ಅಂಕ ನಾನು ಹಾಕ್ತೀನಿ."