ಅಕ್ಕ ಹತ್ತಲಾರದ ಕಾರು

ನನಗ ಕಾರಿನ ಹುಚ್ಚು ಐತಿ ಅನ್ನೋದು ದಾಂಡೇಲಿಯೊಳಗ ನಮ್ಮ ಓಣಿಯವರಿಗೆಲ್ಲ ಗೊತ್ತು. ಅವರ ಕಾರುಗಳ ಬಗ್ಗೆನೂ ಅಭಿಪ್ರಾಯ ಹೇಳಾಂವ ನಾನೇ. ರಿಟೈರ್ ಆದ ಮಾಸ್ತರ ನೋಡ್ರಿ, ಕೇಳದಿದ್ದವರಿಗೂ ಹೇಳಿ ರೂಢಿ.

ಈಗಿನ ಕಾರುಗಳನ್ನ ನೋಡಿದ್ರ ಮೈ ಉರೀತೈತಿ. ಒಂದೊಂದರ ಮುಖಾನೂ ಹಲ್ಲು ಕಡಿದು ಜಗಳಕ್ಕ ನಿಂತಂಗ. ನಾ ಏನು ಮಾಡೀನಿ ಇವಕ್ಕ? ಒಳಗ ಕುಂತ್ರ ಎದುರಿಗೆ ಒಂದು ಟಿವಿ. ಎಸಿ ಕಡಿಮಿ ಮಾಡಬೇಕಂದ್ರೂ ಅದರ ಮ್ಯಾಲ ಬೆರಳಾಡಿಸಬೇಕು. ಜೋಯಿಡಾದ ತಿರುವಿನೊಳಗ ಎದುರಿಗೆ ಲಾರಿ ಬರ್ತಿರ್ತೈತಿ, ನಾವು ಫ್ಯಾನಿನ ಚಿತ್ರ ಹುಡುಕ್ತಿರ್ತೇವಿ. ಹಳೇ ಕಾರಿನೊಳಗ ಎಸಿಗೆ ಕೈಲೆ ತಿರುವೂ ಗುಂಡಿ ಇತ್ತು, ನೋಡದನೇ ತಿರುವಿದ್ರ ಆಗ್ತಿತ್ತು.

ಟಿವಿಯೊಳಗಿನ ಕಾರ್ ರೇಸೂ ಈಗ ಬ್ಯಾಸರ. ಮುಂದ ನಿಂತಾಂವ ಮುಂದನೇ ಮುಗಸ್ತಾನ, ಹಿಂದಿನಾಂವ ಟೈರ್ ಸವದಾವ ಅಂತ ರೇಡಿಯೊದೊಳಗ ಅಳ್ತಾನ. ಒಂದು ಮಾತ್ರ ಮೆಚ್ಚಬೇಕು. ಓಡಸಾಂವ ಒಳಗ ಇಳಿಯಾಕ ಜಾಗಾ ಸಾಲೂದಿಲ್ಲಂತ ಸ್ಟೀರಿಂಗನ್ನೇ ಕಿತ್ತು ತಗೀತಾರ, ಆಂವ ಕುಂತ ಮ್ಯಾಲ ಮತ್ತ ಹಚ್ತಾರ. ಗಾಡಿ ಮನುಷ್ಯಾಗ ಜಾಗಾ ಕೊಡೋದಂದ್ರ ಇದು.

ನಮ್ಮ ಕಡೆ ರೇಸ್ ಬ್ಯಾರೆ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕ ಓಡಸೂ ಸ್ಪರ್ಧೆ ಇಡ್ತಾರ. ಸ್ಟೀರಿಂಗ್ ಎಡಕ್ಕ ತಿರುವಿದ್ರ ಟ್ರೇಲರ್ ಬಲಕ್ಕ ಹೋಗ್ತೈತಿ. ಕ್ಯಾಮರಾ ಇಲ್ಲ, ಕುಂಯ್ ಕುಂಯ್ ಅನ್ನೂ ಸಪ್ಪಳಿಲ್ಲ, ಕುತ್ತಿಗಿ ತಿರುವಿ ಗೆರಿಯೊಳಗ ಓಡಸಬೇಕು. ಹಳಿಯಾಳದಾಗಿರೋ ನಮ್ಮಕ್ಕ ಶಾಂತಕ್ಕನ ಮಗ ಬಸು ಇದರೊಳಗ ಹುಲಿ. ಆಂವ ಮೈದಾನಕ್ಕ ಇಳಿಯೂ ಮೊದಲ ಇಂಜಿನ್ನಿಗೆ ವಿಭೂತಿ ಹಚ್ಚಾಕಿ ಶಾಂತಕ್ಕನೇ. ಒಂದು ವರ್ಷಾನೂ ತಪ್ಪಿಸಿದಾಕಿ ಅಲ್ಲ.

ಈ ಸಲ ಸ್ಪರ್ಧೆ ಚಿಗಳ್ಳಿಯೊಳಗ. ನನ್ನ ಹೊಸಾ ಎತ್ತರದ ಕಾರಿನೊಳಗ ಕರಕೊಂಡು ಹೋಗ್ತೇನಿ ಅಂತ ಅಕ್ಕಗ ಫೋನ್ ಮಾಡಿದ್ರ, ಮೊಣಕಾಲ ನೋವು, ಒಲ್ಲೆ ಅಂದ್ಲು. ಮೊಣಕಾಲ ನೋವೇನು ಇವತ್ತಿಂದಾ? ಹಳೇ ಕಾರಿನೊಳಗ ಅದೇ ಮೊಣಕಾಲ ತಗೊಂಡು ಬರ್ತಿದ್ಲು. ನನಗ ಸಿಟ್ಟು ಬಂತು.

ಆಮ್ಯಾಲ ಹೆಂಡತಿ ಬಿಡಿಸಿ ಹೇಳಿದ್ಲು. ಹೋದ ತಿಂಗಳ ಸೂಪಾ ಕಡೆ ಹೋದಾಗ ನಾನೂ ಬಸೂನೂ ಅಕ್ಕನ ರಟ್ಟಿ ಹಿಡಿದು, ಚೀಲ ಎತ್ತಿದಂಗ ಎತ್ತಿ ಕಾರಿನೊಳಗ ಕುಂಡ್ರಿಸಿದ್ವಿ. ಸೀರಿ ಮೊಣಕಾಲ ತನಕ ಏರಿತ್ತು, ಚಾದಂಗಡಿ ಮಂದಿ ನೋಡ್ತಿದ್ರು. ಅವತ್ತು ಅಕ್ಕ ದಾರಿ ತುಂಬ ಮಾತಾಡಲಿಲ್ಲ. ನನ್ನ ಇಂಜಿನ್ ವರ್ಣನಾ ಲಕ್ಷ್ಯಗೊಟ್ಟು ಕೇಳಾಕತ್ತಾಳ ಅಂತ ನಾ ತಿಳಕೊಂಡಿದ್ದೆ.

ಪರೀಕ್ಷಾ ಮಾಡೂಣು ಅಂತ ಲುಂಗಿ ಸೀರಿಯಂಗ ಬಿಗಿಯಾಗಿ ಸುತ್ತಿಕೊಂಡು ನಾನೇ ಹತ್ತಾಕ ಹೋದೆ. ಎಡಗಾಲು ಮ್ಯಾಲ, ಬಲಗಾಲು ಅಂಗಳದೊಳಗ, ಲುಂಗಿ ಪರ್ ಅಂತ ಹರೀತು. ಹೆಂಡತಿ ನಗಲಿಲ್ಲ, ಇನ್ನೊಂದು ಲುಂಗಿ ತಂದು ಕೊಟ್ಲು.

ಸ್ಪರ್ಧೆ ದಿನ ಮುಂಜಾನೆ ಹಳಿಯಾಳಕ್ಕ ಹೋಗಿ ಅಕ್ಕನ ಮುಂದ ಕುಂತು ಬೈಯಾಕ ಸುರು ಮಾಡಿದೆ. ಈ ಕಾರು ಮಾಡೂ ಮಂದಿಗೆ ಅವ್ವ ಇಲ್ಲೇನು, ಅಕ್ಕ ಇಲ್ಲೇನು, ಜನ್ಮದಾಗ ಸೀರಿ ನೋಡಿಲ್ಲೇನು? ಅಕ್ಕ ಬಳ್ಳೊಳ್ಳಿ ಸುಲಿಯೂದು ನಿಲ್ಲಿಸಿದ್ಲು.

"ಅವರಿಗೆ ಯಾಕ ಬೈತೀಯೋ ತಮ್ಮಾ? ಅವರೇನು ನನ್ನ ನೋಡ್ಯಾರ? ನೀ ನೋಡೀದಿ."

ಕಾರು ಕೊಳ್ಳೂವಾಗ ನೆಲಕ್ಕೂ ಅದರ ಹೊಟ್ಟಿಗೂ ಎಷ್ಟು ಅಂತರ ಅಂತ ಬಗ್ಗಿ ಗೇಣು ಹಾಕಿ ಅಳದಾಂವ ನಾನು. ಅಕ್ಕನ ನೆನಪು ಒಂದು ಸಲಾನೂ ಆಗಿದ್ದಿಲ್ಲ.

ಎದ್ದು ಹೋಗಿ ಅಕ್ಕನ ಮನಿ ಮುಂದಿನ ಕಟ್ಟಿಗೆ ಕಾರು ತಾಗಿಸಿ ನಿಲ್ಲಿಸಿದೆ. ಮೂರು ಸಲ ಹಿಂದ ಮುಂದ ಮಾಡಬೇಕಾತು. ಕಟ್ಟಿ ಮ್ಯಾಲಿಂದ ನೋಡಿದ್ರ ಸೀಟು ಸಮಾ ಬಂದಿತ್ತು. ಅಕ್ಕ ವಿಭೂತಿ ಗಟ್ಟಿ ಸೆರಗಿನಾಗ ಕಟ್ಟಿಕೊಂಡು ಬಂದು, ಯಾರ ಕೈಯೂ ಹಿಡೀದನೇ ಒಳಗ ಕಾಲಿಟ್ಟು ಕುಂತ್ಲು.

ಚಿಗಳ್ಳಿಯೊಳಗ ಇಳಿಯೂದು ಹೆಂಗ ಅಂತ ಕೇಳಿದೆ. ಅಲ್ಲೂ ಯಾರದರ ಮನಿ ಕಟ್ಟಿ ಇದ್ದೇ ಇರ್ತೈತಿ, ನೋಡಿ ನಿಲ್ಲಸು ಅಂದ್ಲು. ಅವತ್ತಿನಿಂದ ಯಾವ ಊರು ಹೊಕ್ಕರೂ ನಾ ಮೊದಲ ಕಟ್ಟಿ ಹುಡುಕ್ತೇನಿ. ಈಗಿನ ಮಂದಿ ಮನಿಗೆ ಕಟ್ಟಿ ಕಟ್ಟೂದೇ ಬಿಟ್ಟಾರ. ಅದಕ್ಕೂ ನನಗ ಸಿಟ್ಟು ಬರ್ತೈತಿ.